ಮಾತಿಗೆ ಮೊದಲು ಕಿವಿ: ಹ್ಯಾಮ್ ರೇಡಿಯೋ ಸಂಭಾಷಣೆಯ ಶಿಷ್ಟಾಚಾರಕ್ಕೊಂದು ಸಮಗ್ರ ಮಾರ್ಗದರ್ಶಿ

ಹವ್ಯಾಸಿ ರೇಡಿಯೋ ಪರವಾನಗಿ ಪಡೆದ ಹೊಸಬರು ಓಮ್‌ನ ನಿಯಮವನ್ನೂ ಡೈಪೋಲ್ ಆಂಟೆನಾದ ಉದ್ದದ ಲೆಕ್ಕವನ್ನೂ ಪರೀಕ್ಷೆಗಾಗಿ ಓದಿಯೇ ಬಂದಿರುತ್ತಾರೆ. ಆದರೆ ಮೈಕಿನ ಗುಂಡಿಯನ್ನು ಮೊದಲ ಸಲ ಒತ್ತುವಾಗ ಏನು ಹೇಳಬೇಕು, ಯಾರ ಮಾತಿನ ನಡುವೆ ಹೇಗೆ ಸೇರಿಕೊಳ್ಳಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಪರೀಕ್ಷೆ ಅಷ್ಟಾಗಿ ಕೇಳುವುದಿಲ್ಲ. ಈ ನಡವಳಿಕೆಯನ್ನು ಬರೀ ಸಂಪ್ರದಾಯವೆಂದು ಬಾಯಿಪಾಠ ಮಾಡಿಕೊಂಡವರು ಅದನ್ನು ಬೇಗ ಮರೆಯುತ್ತಾರೆ. ಅದರ ಹಿಂದಿನ ಕಾರಣವನ್ನು ಅರಿತವರಿಗೆ ಅದನ್ನು ನೆನಪಿಟ್ಟುಕೊಳ್ಳುವ ಪ್ರಮೇಯವೇ ಬರುವುದಿಲ್ಲ.

ಕಾರಣಗಳು ಎರಡೇ. ಒಂದು, ಸಾಮಾನ್ಯ ಟ್ರಾನ್ಸೀವರ್ (ಪ್ರಸಾರ, ಗ್ರಹಣ ಎರಡನ್ನೂ ಮಾಡುವ ಉಪಕರಣ) ಪ್ರಸಾರ ಮಾಡುತ್ತಿರುವಷ್ಟು ಹೊತ್ತು ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ಮಾತಾಡುವಾಗ ನಾವು ಕಿವುಡರಾಗಿರುತ್ತೇವೆ. ಇನ್ನೊಂದು, ನಮಗೆ ಯಾರು ಕೇಳಿಸುತ್ತಾರೋ ಅವರೇ ನಮ್ಮನ್ನು ಕೇಳುತ್ತಿರುತ್ತಾರೆಂದೇನೂ ಇಲ್ಲ. ನಮಗೆ ತೀರಾ ನಿಶ್ಶಬ್ದವಾಗಿ ತೋರುವ ಆವರ್ತನದಲ್ಲಿ ಬೇರೆಯವರ ಸಂಭಾಷಣೆ ನಡೆಯುತ್ತಿರಬಹುದು. ಮುಂದೆ ಹೇಳುವ ಹೆಚ್ಚಿನ ಹಂತಗಳೆಲ್ಲ ಈ ಎರಡು ಸಂಗತಿಗಳಿಂದಲೇ ಹುಟ್ಟಿದವು.

ಗುಂಡಿ ಒತ್ತುವ ಮುನ್ನ

ಸೌಜನ್ಯ ಆರಂಭವಾಗುವುದು ಮಾತಿನಿಂದಲ್ಲ, ಉಪಕರಣದಿಂದ. ಟ್ರಾನ್ಸ್‌ಮಿಟರನ್ನು ಪರೀಕ್ಷಿಸುವಾಗ ಆಂಟೆನಾದ ಬದಲು, ಶಕ್ತಿಯನ್ನು ಹೊರಗೆ ಬಿಡದೆ ಶಾಖವಾಗಿ ಹೀರಿಕೊಳ್ಳುವ ಡಮ್ಮಿ ಲೋಡನ್ನು ಜೋಡಿಸಿಕೊಳ್ಳಬೇಕು. ಆಂಟೆನಾ ಟ್ಯೂನರನ್ನು ಹೊಂದಿಸಲು ಆಂಟೆನಾ ಇರಲೇಬೇಕೆಂದಾದರೆ ಖಾಲಿ ಆವರ್ತನವೊಂದಕ್ಕೆ ಸರಿದು, ಅಲ್ಲಿ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಕಡಿಮೆ ಶಕ್ತಿಯಲ್ಲಿ, ಕೆಲವೇ ಸೆಕೆಂಡುಗಳಲ್ಲಿ ಕೆಲಸ ಮುಗಿಸಬೇಕು. ಇಬ್ಬರು ಕಷ್ಟಪಟ್ಟು ಕ್ಷೀಣ ಸಂಕೇತಗಳನ್ನು ಕೇಳಿಸಿಕೊಳ್ಳುತ್ತಿರುವಾಗ ಅವರ ಮೇಲೆ ಎಲ್ಲಿಂದಲೋ ಬಂದು ಬೀಳುವ ಟ್ಯೂನಿಂಗ್ ಶಿಳ್ಳೆಯಷ್ಟು ಕಿರಿಕಿರಿಯ ವಸ್ತು ಶಾರ್ಟ್‌ವೇವ್ ಬ್ಯಾಂಡುಗಳಲ್ಲಿ ಮತ್ತೊಂದಿಲ್ಲ.

ಎರಡನೆಯದು ಧ್ವನಿಯ ಗುಣಮಟ್ಟ. ಶಾರ್ಟ್‌ವೇವ್‌ನಲ್ಲಿ ಧ್ವನಿಗೆ ಬಳಸುವ ಸಿಂಗಲ್ ಸೈಡ್‌ಬ್ಯಾಂಡ್ ವಿಧಾನದ ಸಂಕೇತವೊಂದು ಸುಮಾರು 3 ಕಿಲೋಹರ್ಟ್ಸ್‌ನೊಳಗೆ ಅಡಗಬೇಕು. ಮೈಕ್ ಗೇನನ್ನೂ ಕಂಪ್ರೆಶನ್ನನ್ನೂ ಮಿತಿಮೀರಿ ಏರಿಸಿದರೆ, ಪ್ರಸಾರದ ಮಟ್ಟವನ್ನು ತೋರುವ ಎಎಲ್‌ಸಿ ಮಾಪಕದ ಮುಳ್ಳು ತನ್ನ ಗಡಿಯನ್ನು ದಾಟಿ, ಸಂಕೇತ ಅಕ್ಕಪಕ್ಕದ ಆವರ್ತನಗಳಿಗೆ ಚೆಲ್ಲಾಡುತ್ತದೆ. ಇದರಿಂದ ನಿಮ್ಮ ಮಾತು ದೂರಕ್ಕೆ ತಲುಪುವುದಿಲ್ಲ. ನೆರೆಯವರ ಮಾತು ಕೆಡುತ್ತದೆ, ಅಷ್ಟೆ. ಪರಿಚಯದ ಹಿರಿಯ ಹ್ಯಾಮ್ ಒಬ್ಬರನ್ನು ಕೇಳಿ, ನಿಮ್ಮ ಸಂಕೇತದ ಎರಡೂ ಬದಿಗೆ ಡಯಲ್ ತಿರುಗಿಸಿ ನೋಡಿ ಪ್ರಾಮಾಣಿಕ ವರದಿ ಕೊಡುವಂತೆ ಹೇಳಿ. ಆ ಒಂದು ವರದಿ ಹತ್ತು ಹೊಗಳಿಕೆಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೂರನೆಯದು ಬ್ಯಾಂಡ್ ಯೋಜನೆ. ಭಾರತವು ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೋ ಒಕ್ಕೂಟವಾದ ಐಎಆರ್‌ಯುವಿನ 3ನೇ ವಲಯಕ್ಕೆ ಸೇರಿದೆ. ಬ್ಯಾಂಡಿನ ಕೆಳಭಾಗ ಮಾರ್ಸ್‌ಗೆ (ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತಕ್ಕೆ), ಅದರ ಮೇಲಿನ ತುಂಡು ಡಿಜಿಟಲ್ ವಿಧಾನಗಳಿಗೆ, ಮಿಕ್ಕದ್ದು ಧ್ವನಿಗೆ ಎಂಬ ಹಂಚಿಕೆಯ ಸ್ಥೂಲರೂಪವನ್ನಾದರೂ ಮನದಟ್ಟು ಮಾಡಿಕೊಂಡಿರಬೇಕು. 20 ಮೀಟರ್ ಬ್ಯಾಂಡಿನ 14.100 ಮೆಗಾಹರ್ಟ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಪ್ರಪಂಚದ 18 ಬೀಕನ್ ಕೇಂದ್ರಗಳು ಸರದಿಯಂತೆ ತಲಾ 10 ಸೆಕೆಂಡು ಪ್ರಸಾರ ಮಾಡುತ್ತ 3 ನಿಮಿಷಕ್ಕೊಂದು ಸುತ್ತು ಮುಗಿಸುವಂತೆ ವ್ಯವಸ್ಥೆಯಾಗಿದೆ; ನಮಗೆ ಹತ್ತಿರದ ಕೊಲಂಬೊದ 4ಎಸ್7ಬಿ ಕೂಡ ಈ ಸರಣಿಗೆ ಸೇರಿದ್ದು. ಅಲ್ಲಿ ಕಿವಿಗೆ ಏನೂ ಬೀಳುತ್ತಿಲ್ಲವೆಂದು ಮಾತಿಗೆ ಕೂರುವವರು, ಯಾವ ದಿಕ್ಕಿಗೆ ದಾರಿ ತೆರೆದಿದೆ ಎಂದು ಪರೀಕ್ಷಿಸುತ್ತಿರುವ ನೂರಾರು ಜನರ ಅಳತೆಗೋಲನ್ನೇ ಕಿತ್ತುಕೊಂಡಂತಾಗುತ್ತದೆ. ಹಾಗೆಯೇ 10 ಮೆಗಾಹರ್ಟ್ಸ್‌ಗಿಂತ ಕೆಳಗೆ ಲೋವರ್ ಸೈಡ್‌ಬ್ಯಾಂಡ್, ಮೇಲೆ ಅಪ್ಪರ್ ಸೈಡ್‌ಬ್ಯಾಂಡ್ ಎಂಬ ರೂಢಿಯನ್ನು ಪಾಲಿಸಬೇಕು. ಬ್ಯಾಂಡಿನ ಅಂಚಿನಲ್ಲಿ ಮಾತಾಡುವಾಗ ಡಯಲ್ ತೋರಿಸುವ ಅಂಕಿಯಾಚೆಗೂ ಸಂಕೇತ ಚಾಚಿಕೊಂಡಿರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 14.350ರ ಗಡಿಯ ಬಳಿ ಅಪ್ಪರ್ ಸೈಡ್‌ಬ್ಯಾಂಡಿನಲ್ಲಿ ಡಯಲನ್ನು 14.349ಕ್ಕೆ ಇಟ್ಟರೆ ನಿಮ್ಮ ಮಾತಿನ ಬಹುಪಾಲು ಬ್ಯಾಂಡಿನ ಹೊರಗೇ ಬೀಳುತ್ತದೆ.

ಆವರ್ತನ ಖಾಲಿಯಿದೆಯೇ?

ಬೆಂಗಳೂರಿನ ಹ್ಯಾಮ್ ಒಬ್ಬರು 40 ಮೀಟರ್ ಬ್ಯಾಂಡಿನಲ್ಲಿ ರಾತ್ರಿ ಕಿವಿಗೊಟ್ಟು ಕೂತಿದ್ದಾರೆನ್ನಿ. ಅದೇ ಆವರ್ತನದಲ್ಲಿ ಮೈಸೂರಿನವರೊಬ್ಬರು ದೆಹಲಿಯವರೊಂದಿಗೆ ಮಾತಾಡುತ್ತಿದ್ದಾರೆ. ದೆಹಲಿಗೆ ಹೋಗುವ ತರಂಗ ಅಯಾನುಮಂಡಲದಿಂದ ಪ್ರತಿಫಲಿಸಿ ಸಾವಿರಾರು ಕಿಲೋಮೀಟರ್ ದಾಟುತ್ತದೆ. ಆದರೆ ಸುಮಾರು 130 ಕಿಲೋಮೀಟರ್ ದೂರದ ಬೆಂಗಳೂರು ನೆಲದಲೆಗೆ ದೂರವಾಗಿ, ಪ್ರತಿಫಲಿತ ಅಲೆಗೆ ತೀರ ಹತ್ತಿರವಾಗಿ, ಎರಡಕ್ಕೂ ಸಿಗದ ಮೌನವಲಯದಲ್ಲಿ ಉಳಿದುಬಿಡಬಹುದು. ಹಾಗಾಗಿ ಬೆಂಗಳೂರಿನವರಿಗೆ ಮೈಸೂರು ಕೇಳಿಸುವುದಿಲ್ಲ. ದೆಹಲಿಯವರು ಮಾತಾಡುವ ಸರದಿ ಬರುವ ತನಕ ಆವರ್ತನ ಖಾಲಿಯೆಂದೇ ತೋರುತ್ತದೆ. ಮೈಸೂರಿನವರು ಮೂರು ನಿಮಿಷ ಮಾತಾಡಿದರೆ ಆ ಮೂರು ನಿಮಿಷವೂ ಇಲ್ಲಿ ಮೌನವೇ.

ಆದ್ದರಿಂದ ಕೇಳುವುದಕ್ಕೆ ಸಾಕಷ್ಟು ಹೊತ್ತು ಕೊಡಬೇಕು, ಆಮೇಲೆ ಬಾಯಿಬಿಟ್ಟು ವಿಚಾರಿಸಬೇಕು. ಧ್ವನಿಯಲ್ಲಾದರೆ ಕಾಲ್‌ಸೈನ್ (ಪರವಾನಗಿಯೊಂದಿಗೆ ಸಿಗುವ ಗುರುತು) ಹೇಳಿ, “ಈ ಫ್ರೀಕ್ವೆನ್ಸಿ ಬಳಕೆಯಲ್ಲಿದೆಯೇ?” ಎಂದು ಕೇಳಿ, ದೂರದ ದೇಶಗಳು ಕೇಳಬಹುದಾದ ಬ್ಯಾಂಡಿನಲ್ಲಿ ಇದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳುವುದು ಒಳ್ಳೆಯದು. ಮಾರ್ಸ್‌ನಲ್ಲಿ ಕ್ಯೂಆರ್‌ಎಲ್ ಎಂಬ ಸಂಕೇತವನ್ನು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಕಳುಹಿಸಬೇಕು. ಐದಾರು ಸೆಕೆಂಡು ಕಾದು ಇನ್ನೊಮ್ಮೆ ಕೇಳಬೇಕು. ಎರಡು ಸಲ ಕೇಳುವುದು ಅತಿಯಾಯಿತೆಂದು ಕೆಲವರು ಭಾವಿಸುತ್ತಾರೆ, ನಾನು ಒಪ್ಪುವುದಿಲ್ಲ: ಮೊದಲ ಪ್ರಶ್ನೆ ಬಂದ ಹೊತ್ತಿನಲ್ಲಿ ಅಲ್ಲಿದ್ದವರು ತಾವೇ ಪ್ರಸಾರ ಮಾಡುತ್ತ ಕಿವುಡಾಗಿದ್ದಿರಬಹುದು. “ಹೌದು, ಬಳಕೆಯಲ್ಲಿದೆ” ಎಂಬ ಉತ್ತರ ಬಂದರೆ ವಾದವಿಲ್ಲದೆ, ಒಂದು ಧನ್ಯವಾದ ಹೇಳಿ 3 ಕಿಲೋಹರ್ಟ್ಸ್‌ಗಿಂತಲೂ ಆಚೆಗೆ ಸರಿಯಬೇಕು. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು: ಯಾವ ಆವರ್ತನವೂ ಯಾವ ವ್ಯಕ್ತಿಯ ಅಥವಾ ಗುಂಪಿನ ಸ್ವತ್ತಲ್ಲ. ಪ್ರತಿದಿನ ಬೆಳಗ್ಗೆ ಒಂದೇ ಕಡೆ ಸೇರುವ ಗುಂಪು ಕೂಡ, ಅಲ್ಲಿ ಆಗಲೇ ಯಾರಾದರೂ ಮಾತಾಡುತ್ತಿದ್ದರೆ, ವಿನಯದಿಂದ ಕೇಳಿಕೊಳ್ಳಬಹುದೇ ಹೊರತು ತೆರವುಗೊಳಿಸುವಂತಿಲ್ಲ.

ಕರೆ ಮತ್ತು ಸಂಭಾಷಣೆ

ಯಾರಾದರೂ ಉತ್ತರಿಸಲಿ ಎಂದು ಕೊಡುವ ಸಿಕ್ಯೂ ಕರೆಯನ್ನು ಚಿಕ್ಕದಾಗಿಡಬೇಕು. ಸಿಕ್ಯೂ ಎಂದು ಮೂರು ಸಲ, ಕಾಲ್‌ಸೈನ್ ಎರಡು ಅಥವಾ ಮೂರು ಸಲ, ಆಮೇಲೆ “ಕೇಳುತ್ತಿದ್ದೇನೆ” ಎಂಬ ಸೂಚನೆ, ಇಷ್ಟು ಸಾಕು. ಒಂದು ನಿಮಿಷದುದ್ದಕ್ಕೂ ಸಿಕ್ಯೂ ಸಿಕ್ಯೂ ಎಂದು ಕೂಗಿ, ಕೊನೆಯಲ್ಲಿ ಒಂದೇ ಸಲ ಅವಸರದಲ್ಲಿ ಕಾಲ್‌ಸೈನ್ ಹೇಳಿದರೆ, ಉತ್ತರಿಸಬೇಕೆಂದವರು ಕಾದು ಕಾದು ಬೇರೆಡೆಗೆ ಹೋಗಿರುತ್ತಾರೆ.

ಕಾಲ್‌ಸೈನನ್ನು ಅಂತರರಾಷ್ಟ್ರೀಯ ಅಕ್ಷರಪಟ್ಟಿಯ ಪದಗಳಲ್ಲಿ ಹೇಳುವುದನ್ನು ರೂಢಿ ಮಾಡಿಕೊಳ್ಳಿ. ಭಾರತದ ವಿಯು2, ವಿಯು3 ಮುಂತಾದ ಕಾಲ್‌ಸೈನ್‌ಗಳು “ವಿಕ್ಟರ್ ಯೂನಿಫಾರ್ಮ್” ಎಂದು ಆರಂಭವಾಗುತ್ತವೆ. ಬಿ, ಡಿ, ಇ, ಪಿ, ಟಿ, ವಿ ಇವೆಲ್ಲ ಗದ್ದಲದಲ್ಲಿ ಒಂದೇ ರೀತಿ ಕೇಳಿಸುತ್ತವೆ. ಬ್ರಾವೊ, ಡೆಲ್ಟಾ, ಎಕೊ, ಪಾಪಾ ಎಂದರೆ ಆ ಗೊಂದಲವಿರುವುದಿಲ್ಲ. ಸ್ವಂತ ಕಲ್ಪನೆಯ ಪದಗಳನ್ನು ಬಳಸುವುದು ಪರಿಚಿತರ ನಡುವೆ ಚೆನ್ನಾಗಿದ್ದರೂ, ಇಂಗ್ಲಿಷ್ ಹೆಚ್ಚು ಬಾರದ ಜಪಾನಿನ ಅಥವಾ ಇಂಡೊನೇಷ್ಯದ ಕೇಳುಗರಿಗೆ ಅದು ಹೊರೆಯಾಗುತ್ತದೆ. ಕಾಲ್‌ಸೈನ್ ಹೇಳುವುದು ಬರಿಯ ಶಿಷ್ಟಾಚಾರವಲ್ಲ. ಪ್ರಸಾರದ ನಡುವೆ ಸಣ್ಣ ಅಂತರಗಳಲ್ಲಿ ಅದನ್ನು ಹೇಳಲೇಬೇಕೆಂದು ಅಂತರರಾಷ್ಟ್ರೀಯ ರೇಡಿಯೋ ನಿಯಮಾವಳಿಯೇ ವಿಧಿಸಿದೆ. ಮಾತಿನ ಆರಂಭದಲ್ಲಿ, ಕೊನೆಯಲ್ಲಿ, ಉದ್ದನೆಯ ಮಾತುಕತೆಯಾದರೆ ನಡುನಡುವೆಯೂ ಹೇಳಿದರೆ, ಅರ್ಧದಲ್ಲಿ ಕೇಳಲು ಬಂದವರಿಗೂ ಯಾರು ಮಾತಾಡುತ್ತಿದ್ದಾರೆಂದು ತಿಳಿಯುತ್ತದೆ.

ಸಂಪರ್ಕ ಕೂಡಿದ ಮೇಲೆ ಮೊದಲು ಸಂಕೇತದ ವರದಿ, ನಂತರ ಹೆಸರು, ಊರು. ವರದಿಯ ಮೊದಲ ಅಂಕಿ ಸ್ಪಷ್ಟತೆಯನ್ನು 1ರಿಂದ 5ರವರೆಗೆ, ಎರಡನೆಯದು ಬಲವನ್ನು 1ರಿಂದ 9ರವರೆಗೆ ಹೇಳುತ್ತದೆ. ಮಾರ್ಸ್‌ನಲ್ಲಿ ಸ್ವರದ ಶುದ್ಧಿಗೆ ಮೂರನೆಯ ಅಂಕಿಯೂ ಇದೆ. ಸ್ಪರ್ಧೆಗಳಲ್ಲಿ ಎಲ್ಲರಿಗೂ 59 ಎನ್ನುವುದು ವಾಡಿಕೆಯಾಗಿದ್ದರೂ ಸಾಮಾನ್ಯ ಸಂಭಾಷಣೆಯಲ್ಲಿ ಅದನ್ನು ತರಬಾರದು. ಸಂಕೇತ ಏರಿಳಿಯುತ್ತಿದ್ದು ಹೆಸರನ್ನೇ ಮೂರು ಸಲ ಕೇಳಬೇಕಾಗಿ ಬಂದವರಿಗೆ 59 ಕೊಟ್ಟರೆ, ತಮ್ಮ ಆಂಟೆನಾವನ್ನು ಸರಿಪಡಿಸಿಕೊಳ್ಳಲು ಅವರಿಗಿದ್ದ ಒಂದು ಸುಳಿವನ್ನು ನೀವೇ ಮುಚ್ಚಿಟ್ಟಂತೆ. “43, ನಿಧಾನವಾಗಿ ಕ್ಷೀಣಿಸುತ್ತಿದೆ” ಎಂಬ ನಿಜವಾದ ಮಾತು ಹೆಚ್ಚು ಗೌರವದ್ದು.

ನಿಮ್ಮ ಸರದಿಯನ್ನು ಒಂದೆರಡು ನಿಮಿಷಕ್ಕೆ ಮುಗಿಸಿ ಬಿಟ್ಟುಕೊಡಿ. ಐದು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದರೆ ಎದುರಿನವರಿಗೆ ಮೂರು ಮರೆತಿರುತ್ತವೆ. ಮಾರ್ಸ್‌ನಲ್ಲಿ ಎದುರಿನವರ ವೇಗಕ್ಕೆ ಇಳಿಯಬೇಕು. ನಿಮಿಷಕ್ಕೆ 10 ಪದಗಳ ವೇಗದಲ್ಲಿ ಕರೆದವರಿಗೆ 25ರಲ್ಲಿ ಉತ್ತರಿಸುವುದು ಅವರನ್ನು ಹೊರಗಟ್ಟಿದಂತೆಯೇ ಸರಿ. ಮುಗಿಸುವಾಗ ಶುಭಾಶಯಕ್ಕೆ 73 ಎನ್ನುತ್ತೇವೆ. ಬೀಳ್ಕೊಡುಗೆಯನ್ನೇ ಮೂರ್ನಾಲ್ಕು ಸುತ್ತು ಎಳೆಯುವುದನ್ನು ಬಿಡಬೇಕು.

ಇಬ್ಬರ ನಡುವಿನ ಮಾತಿಗೆ ಮೂರನೆಯವರಾಗಿ ಸೇರಬೇಕಾದರೆ ಮೊದಲು ಅವರು ಏನು ಮಾತಾಡುತ್ತಿದ್ದಾರೆ ಎಂಬುದನ್ನು ಕೇಳಿಸಿಕೊಳ್ಳಿ. ಸೇರಿಸಲು ನಿಮ್ಮಲ್ಲಿ ಏನಾದರೂ ಇದ್ದರೆ, ಒಬ್ಬರು ಮುಗಿಸಿ ಇನ್ನೊಬ್ಬರು ಆರಂಭಿಸುವ ನಡುವಿನ ಅಂತರದಲ್ಲಿ ಕಾಲ್‌ಸೈನನ್ನು ಒಮ್ಮೆ ಹೇಳಿ ಸುಮ್ಮನಾಗಿ. ಅವರು ಕರೆದಾಗ ಮಾತಾಡಿ. ಕರೆಯದಿದ್ದರೆ ಇನ್ನೊಂದು ಅಂತರಕ್ಕೆ ಕಾಯಿರಿ. “ಬ್ರೇಕ್ ಬ್ರೇಕ್” ಎಂದು ನುಗ್ಗುವ ಅಭ್ಯಾಸ ನಮ್ಮಲ್ಲಿ ಸಾಕಷ್ಟಿದೆ. ಆ ಪದವನ್ನು ನಿಜವಾದ ತುರ್ತಿಗೆ ಕಾಯ್ದಿರಿಸಿದರೆ ಒಳ್ಳೆಯದು, ಯಾಕೆಂದರೆ ಪ್ರತಿದಿನದ ಹರಟೆಗೂ ಬಳಸಿದ ಪದಕ್ಕೆ ಅಪಘಾತದ ಹೊತ್ತಿನಲ್ಲಿ ಯಾರೂ ಬೆಚ್ಚಿ ಕಿವಿಗೊಡುವುದಿಲ್ಲ. ಮಾತಾಡುತ್ತಿರುವವರ ಕರ್ತವ್ಯವೂ ಇದೆ: ಪ್ರತಿ ಸರದಿಯ ನಡುವೆ ಎರಡು ಸೆಕೆಂಡಿನ ಕಿಂಡಿ ಬಿಡದವರು, ಬೇರೆಯವರು ಅಡ್ಡ ಬಂದರೆಂದು ದೂರುವಂತಿಲ್ಲ.

ರಿಪೀಟರ್ ಮೇಲೆ

ಹೆಚ್ಚಿನ ಹೊಸಬರ ಮೊದಲ ಮಾತು 2 ಮೀಟರ್ ಬ್ಯಾಂಡಿನ ರಿಪೀಟರ್ ಮೇಲೆಯೇ ಆಗುತ್ತದೆ. ರಿಪೀಟರ್ ಎತ್ತರದಲ್ಲಿ ಕೂತು ಒಂದು ಆವರ್ತನದಲ್ಲಿ ಕೇಳಿದ್ದನ್ನು, ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಅಂತರದ ಇನ್ನೊಂದರಲ್ಲಿ ಮರುಪ್ರಸಾರ ಮಾಡುವ ಯಂತ್ರ. ಅದನ್ನು ಯಾರೋ ಕೆಲವರು ಸ್ವಂತ ಹಣ ಮತ್ತು ರಜಾದಿನಗಳನ್ನು ಕೊಟ್ಟು ಬ್ಯಾಟರಿ, ಡ್ಯೂಪ್ಲೆಕ್ಸರ್, ಸಿಡಿಲಿನ ಹೊಡೆತ ಎಲ್ಲವನ್ನೂ ನೋಡಿಕೊಳ್ಳುತ್ತ ನಡೆಸುತ್ತಿರುತ್ತಾರೆ. ಅದನ್ನು ಬಳಸುವ ಮೊದಲು ಅಲ್ಲಿನ ಟೋನ್ (ರಿಪೀಟರನ್ನು ತೆರೆಯಲು ಮಾತಿನ ಜೊತೆ ಕಳುಹಿಸುವ ಸ್ವರ) ಯಾವುದು, ರೂಢಿಗಳೇನು ಎಂದು ಕೇಳಿ ತಿಳಿದುಕೊಳ್ಳುವುದು ಕನಿಷ್ಠ ಮರ್ಯಾದೆ. ನಿರಂತರವಾಗಿ ಬಳಸುವವರು ಅದರ ಖರ್ಚಿನಲ್ಲಿ ಪಾಲುಗೊಳ್ಳುವುದೂ ಅಷ್ಟೇ ಸಹಜ.

ರಿಪೀಟರ್‌ಗಳು ಬಳಸುವ ಎಫ್‌ಎಂನ ಒಂದು ಸ್ವಭಾವ ಇಲ್ಲಿ ಮುಖ್ಯವಾಗುತ್ತದೆ. ಸೈಡ್‌ಬ್ಯಾಂಡಿನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಎರಡೂ ಧ್ವನಿಗಳು ಬೆರೆತು ಕೇಳಿಸುತ್ತವೆ. ಎಫ್‌ಎಂನಲ್ಲಿ ಬಲವಾದ ಸಂಕೇತ ಕ್ಷೀಣವಾದುದನ್ನು ಪೂರ್ತಿ ನುಂಗಿಬಿಡುತ್ತದೆ, ಇಲ್ಲವೇ ಎರಡೂ ಸಮಬಲವಾಗಿದ್ದು ಬರೀ ಕರ್ಕಶ ಸದ್ದು ಉಳಿಯುತ್ತದೆ. ರಿಪೀಟರಿನ ಪಕ್ಕದಲ್ಲೇ ಇರುವವರು ಅಂತರ ಬಿಡದೆ ಮಾತಾಡಿದರೆ, ದೂರದ ತಾಲ್ಲೂಕಿನಿಂದ 5 ವಾಟ್‌ನ ಕೈರೇಡಿಯೋ ಹಿಡಿದು ಕರೆಯುತ್ತಿರುವವರು ಅಲ್ಲಿದ್ದಾರೆಂಬುದೇ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ರಿಪೀಟರಿನ ಬೀಪ್ ಕೇಳಿದ ಮೇಲೆ ಒಂದೆರಡು ಸೆಕೆಂಡು ಕಾದು ಗುಂಡಿ ಒತ್ತಬೇಕು. ಒತ್ತಿದ ಕೂಡಲೇ ಮಾತಾಡಬಾರದು; ಟೋನನ್ನು ಗುರುತಿಸಿ ರಿಪೀಟರ್ ತೆರೆದುಕೊಳ್ಳಲು ಅರೆಕ್ಷಣ ಬೇಕು, ಇಲ್ಲವಾದರೆ ಕಾಲ್‌ಸೈನಿನ ಮೊದಲ ಅಕ್ಷರವೇ ಕತ್ತರಿಸಿಹೋಗುತ್ತದೆ. ಉದ್ದನೆಯ ಮಾತಿಗೆ ಹೊರಟವರನ್ನು ಟೈಮರ್ ಮಧ್ಯದಲ್ಲೇ ಕಡಿದುಹಾಕುತ್ತದೆ. ಹಲವೆಡೆ ಈ ಮಿತಿ 3 ನಿಮಿಷವಿರುತ್ತದೆ.

ಕಾಲ್‌ಸೈನ್ ಹೇಳದೆ ಗುಂಡಿಯನ್ನು ಒತ್ತಿ ಬಿಟ್ಟು, ರಿಪೀಟರ್ ತೆರೆಯಿತೇ ಎಂದು ನೋಡಿಕೊಳ್ಳುವುದು ತುಂಬ ಸಾಮಾನ್ಯವಾದ ದುರಭ್ಯಾಸ. ಪರೀಕ್ಷಿಸಬೇಕೆಂದರೆ ಕಾಲ್‌ಸೈನ್ ಹೇಳಿ “ಪರೀಕ್ಷೆ” ಎಂದರೆ ಆಯಿತು; ಯಾರಾದರೂ ಸಂತೋಷದಿಂದ ವರದಿ ಕೊಡುತ್ತಾರೆ. ಇಬ್ಬರೂ ಒಂದೇ ಬಡಾವಣೆಯವರಾಗಿದ್ದು ನೇರವಾಗಿ ಕೇಳಿಸುತ್ತಿದ್ದರೆ ರಿಪೀಟರನ್ನು ಬಿಟ್ಟು, ನೇರವಾಗಿ ಮಾತಾಡುವ ಸಿಂಪ್ಲೆಕ್ಸ್ ಆವರ್ತನಕ್ಕೆ ಹೋಗಬೇಕು, ಏಕೆಂದರೆ ಪ್ರಯಾಣದಲ್ಲಿರುವವರಿಗೂ ಕಡಿಮೆ ಶಕ್ತಿಯವರಿಗೂ ರಿಪೀಟರೊಂದೇ ದಾರಿ.

ಬೆಟ್ಟಗಳ ಮೇಲಿಂದ ಮಾತಾಡುವವರಿಗೆ ಇನ್ನೂ ಒಂದು ಎಚ್ಚರಿಕೆ. 1,478 ಮೀಟರ್ ಎತ್ತರದ ನಂದಿಬೆಟ್ಟದ ಮೇಲೋ, ಸುಮಾರು 1,930 ಮೀಟರಿನ ಮುಳ್ಳಯ್ಯನಗಿರಿಯ ಮೇಲೋ ನಿಂತಾಗ ಕೈರೇಡಿಯೋದ ಪುಟ್ಟ ಶಕ್ತಿಯೂ ಕಣ್ಣಳತೆಯ ದೂರವನ್ನೆಲ್ಲ ಆವರಿಸುತ್ತದೆ. ಒಂದೇ ಆವರ್ತನ ಮತ್ತು ಟೋನ್ ಹಂಚಿಕೊಂಡ ಎರಡು ರಿಪೀಟರ್‌ಗಳು ಒಟ್ಟಿಗೆ ತೆರೆದುಕೊಂಡು ಎರಡು ಊರಿನ ಮಾತನ್ನೂ ನೀವು ಕೆಡಿಸಬಹುದು. ಅಲ್ಲಿ ಶಕ್ತಿಯನ್ನು ಅತಿ ಕಡಿಮೆಗೆ ಇಳಿಸಿ, ಮಾತನ್ನು ಚುಟುಕಾಗಿಡಿ.

ನಿಗದಿತ ಹೊತ್ತಿಗೆ ಹಲವರು ಒಂದೇ ಆವರ್ತನದಲ್ಲಿ ಸೇರುವ ನೆಟ್‌ಗಳ ವಿಷಯ ಸರಳ. ನೆಟ್ ನಡೆಸುವವರು ಕರೆದಾಗ ಮಾತ್ರ ಕಾಲ್‌ಸೈನ್ ಹೇಳಬೇಕು, ಅವರ ಅನುಮತಿಯಿಂದ ಇನ್ನೊಬ್ಬರನ್ನು ಕರೆಯಬೇಕು, ನಡುವೆ ಎದ್ದುಹೋಗುವಾಗ ಅವರಿಗೆ ತಿಳಿಸಬೇಕು.

ದೂರದ ಅಪರೂಪದ ಕೇಂದ್ರಕ್ಕಾಗಿ ನೂಕುನುಗ್ಗಲು

ಹ್ಯಾಮ್‌ಗಳ ತಾಳ್ಮೆ ನಿಜವಾಗಿ ಪರೀಕ್ಷೆಗೊಳಗಾಗುವುದು ಒಂದೇ ಕೇಂದ್ರವನ್ನು ಹಲವರು ಒಟ್ಟಿಗೆ ಕರೆಯುವ ಪೈಲ್‌ಅಪ್‌ನಲ್ಲಿ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ನೇತೃತ್ವದ ತಂಡ ಅಂಡಮಾನಿನ ಪೋರ್ಟ್ ಬ್ಲೇರ್‌ನಿಂದ ವಿಯು4ಆರ್‌ಬಿಐ ಮತ್ತು ವಿಯು4ಎನ್‌ಆರ್‌ಒ ಎಂಬ ಕಾಲ್‌ಸೈನ್‌ಗಳಲ್ಲಿ ಪ್ರಸಾರ ಆರಂಭಿಸಿದಾಗ, ಬಹಳ ವರ್ಷಗಳಿಂದ ಆ ದ್ವೀಪಗಳ ಸಂಪರ್ಕಕ್ಕಾಗಿ ಕಾದಿದ್ದ ಪ್ರಪಂಚದ ಹ್ಯಾಮ್‌ಗಳು ಒಟ್ಟಿಗೆ ಮುಗಿಬಿದ್ದರು. ಇಂಥ ಸಂದರ್ಭದಲ್ಲಿ ಎಲ್ಲರೂ ಒಂದೇ ಆವರ್ತನದಲ್ಲಿ ಕೂಗಿದರೆ ಕರೆಯುವವರಿಗೆ ದ್ವೀಪವೇ ಕೇಳಿಸದು. ಅದಕ್ಕೇ ಸ್ಪ್ಲಿಟ್ ಪದ್ಧತಿ ಇದೆ: ಅಪರೂಪದ ಕೇಂದ್ರ 14.195ರಲ್ಲಿ ಮಾತಾಡಿ, 14.200ರಿಂದ 14.205ರ ನಡುವೆ ಕೇಳುತ್ತದೆ, ಅದನ್ನು “ಅಪ್ ಫೈವ್ ಟು ಟೆನ್” ಎಂದು ಆಗಾಗ ಹೇಳುತ್ತದೆ.

ಮೊದಲ ನಿಯಮ, ಆ ಕೇಂದ್ರ ನಿಮಗೆ ಸ್ಪಷ್ಟವಾಗಿ ಕೇಳಿಸುವ ತನಕ ಕರೆಯಲೇಬಾರದು. ಇಂಟರ್ನೆಟ್ಟಿನಲ್ಲಿ ಆವರ್ತನ ನೋಡಿ, ಏನೂ ಕೇಳಿಸದಿದ್ದರೂ ಕುರುಡಾಗಿ ಕೂಗುವವರು ತಮ್ಮನ್ನೇ ಕರೆದರೂ ತಿಳಿಯದೆ ಮತ್ತೆ ಕೂಗುತ್ತಾರೆ. ಎರಡನೆಯದಾಗಿ, ಕರೆಯುವ ಮೊದಲು ಕೆಲವು ಸಂಪರ್ಕಗಳನ್ನು ಪೂರ್ತಿ ಕೇಳಿಸಿಕೊಂಡು ಅವರು ಎಲ್ಲಿ ಕೇಳುತ್ತಿದ್ದಾರೆ, ಯಾವ ಲಯದಲ್ಲಿ ಮುಂದೆ ಸರಿಯುತ್ತಿದ್ದಾರೆ ಎಂಬುದನ್ನು ಗ್ರಹಿಸಬೇಕು. ರಿಗ್‌ನಲ್ಲಿ (ರೇಡಿಯೋ ಉಪಕರಣದಲ್ಲಿ) ಸ್ಪ್ಲಿಟ್ ಗುಂಡಿ ಒತ್ತಿದೆಯೇ ಎಂದು ಇನ್ನೊಮ್ಮೆ ನೋಡಿ. ಆಮೇಲೆ ಪೂರ್ತಿ ಕಾಲ್‌ಸೈನನ್ನು ಒಂದೇ ಸಲ ಹೇಳಿ ಕೇಳಿ. ಕೊನೆಯ ಎರಡಕ್ಷರ ಮಾತ್ರ ಹೇಳುವ ಅಭ್ಯಾಸದಿಂದ ಪ್ರತಿಯೊಂದು ಸಂಪರ್ಕಕ್ಕೂ ಇನ್ನೊಂದು ಸುತ್ತು ಮಾತು ಹೆಚ್ಚಾಗುತ್ತದೆ. ಆ ಕೇಂದ್ರ ಕಾಲ್‌ಸೈನಿನ ಒಂದು ತುಣುಕು ಹೇಳಿ ಕರೆದಾಗ, ಆ ತುಣುಕು ನಿಮ್ಮದಲ್ಲದಿದ್ದರೆ ಬಾಯಿ ಮುಚ್ಚಿರಬೇಕು. ಯುರೋಪನ್ನು ಮಾತ್ರ ಕರೆಯುತ್ತಿದ್ದರೆ ಏಷ್ಯದ ಸರದಿಗೆ ಕಾಯಬೇಕು. ನಿಮ್ಮ ಕಾಲ್‌ಸೈನನ್ನು ತಪ್ಪಾಗಿ ಹೇಳಿದರೆ ತಿದ್ದಿ, ಸರಿಯಾಗಿ ಹೇಳಿದ್ದರೆ ಮತ್ತೆ ಹೇಳಬೇಡಿ, ವರದಿ ಕೊಟ್ಟು ಮುಗಿಸಿ. ಹವಾಮಾನವನ್ನೂ ಆಂಟೆನಾವನ್ನೂ ವಿವರಿಸುವ ಜಾಗ ಅದಲ್ಲ. ಒಂದು ಬ್ಯಾಂಡಿನಲ್ಲಿ ಸಂಪರ್ಕವಾದ ಮೇಲೆ ಅದೇ ಬ್ಯಾಂಡು, ಅದೇ ವಿಧಾನದಲ್ಲಿ ಇನ್ನೊಮ್ಮೆ ಕರೆಯುವುದು ಕಾದಿರುವ ಮತ್ತೊಬ್ಬರ ಅವಕಾಶವನ್ನು ತಿಂದಂತೆ.

ಯಾರಾದರೂ ಗೊತ್ತಿಲ್ಲದೆ ಮೂಲ ಆವರ್ತನದಲ್ಲೇ ಕರೆದಾಗ ಹತ್ತಾರು ಜನ “ಅಪ್! ಅಪ್!” ಎಂದು ಅರಚುವುದುಂಟು. ಪೊಲೀಸಗಿರಿಗೆ ಇಳಿದ ಈ ಹತ್ತು ಜನ ಮಾಡುವ ಗದ್ದಲ, ತಪ್ಪಿದ ಆ ಒಬ್ಬರಿಗಿಂತ ಹೆಚ್ಚಿನದು. ಸುಮ್ಮನಿರುವುದೇ ಅಲ್ಲಿ ನೆರವು.

ಅದೇ ತಿಂಗಳ 26ರಂದು ಸುನಾಮಿ ಅಪ್ಪಳಿಸಿದಾಗ ಅಂಡಮಾನಿನ ಈ ತಂಡ ಸಂಪರ್ಕಗಳ ಎಣಿಕೆಯನ್ನು ಬದಿಗಿಟ್ಟು, ದ್ವೀಪದಲ್ಲಿದ್ದವರ ಕ್ಷೇಮಸಮಾಚಾರವನ್ನು ಮುಖ್ಯಭೂಮಿಗೆ ದಾಟಿಸುವ ಕೆಲಸಕ್ಕೆ ನಿಂತಿತು. ಪೈಲ್‌ಅಪ್‌ನಲ್ಲಿ ಕಲಿತ ಶಿಸ್ತು, ಅಂದರೆ ಕರೆದಾಗ ಮಾತ್ರ ಮಾತಾಡುವುದು ಮತ್ತು ಚುಟುಕಾಗಿ, ತಪ್ಪಿಲ್ಲದೆ ಹೇಳಿ ಮುಗಿಸುವುದು, ಅಂಥ ಹೊತ್ತಿನಲ್ಲಿ ಬೇಕಾಗುವುದು ಅದೇ.

ತುರ್ತಿನ ಹೊತ್ತು

ಆಪತ್ತಿನ ಕರೆ ಕಿವಿಗೆ ಬಿದ್ದರೆ ಮೊದಲು ನಿಮ್ಮ ಸಂಭಾಷಣೆಯನ್ನು ನಿಲ್ಲಿಸಿ. ಎರಡನೆಯದಾಗಿ ಸಮಯ, ಆವರ್ತನ, ಸ್ಥಳ, ಕರೆದವರ ಗುರುತು ಎಲ್ಲವನ್ನೂ ಬರೆದುಕೊಳ್ಳಿ. ಬೇರೆ ಯಾರೂ ಉತ್ತರಿಸದಿದ್ದರೆ ಮಾತ್ರ ಉತ್ತರಿಸಿ, ಸಂಬಂಧಪಟ್ಟ ಅಧಿಕಾರಿಗಳಿಗೆ ತಿಳಿಸಿ. ಈಗಾಗಲೇ ಯಾರೋ ನಿಭಾಯಿಸುತ್ತಿದ್ದರೆ “ನಾನೂ ಇದ್ದೇನೆ” ಎಂದು ಹೇಳಲೂ ಪ್ರಸಾರ ಮಾಡಬೇಡಿ. 3ನೇ ವಲಯದಲ್ಲಿ ತುರ್ತು ಸಂಪರ್ಕದ ಕೇಂದ್ರಬಿಂದುಗಳಾಗಿ 3.600, 7.110, 14.300, 18.160 ಮತ್ತು 21.360 ಮೆಗಾಹರ್ಟ್ಸ್‌ಗಳನ್ನು ಗೊತ್ತುಮಾಡಲಾಗಿದೆ. ನೆರೆ, ಭೂಕಂಪ, ಚಂಡಮಾರುತದ ಸುದ್ದಿ ಬಂದ ದಿನ ಅವುಗಳ ಆಸುಪಾಸಿನಲ್ಲಿ ಸಿಕ್ಯೂ ಕರೆಯುವ ಮೊದಲು ಹೆಚ್ಚು ಹೊತ್ತು ಕೇಳಬೇಕು. ಸಂದೇಶವನ್ನು ಮುಂದಕ್ಕೆ ದಾಟಿಸುವಾಗ ಬರೆದುಕೊಂಡಿದ್ದನ್ನು ಇದ್ದಂತೆಯೇ ಓದಬೇಕು. ಅದನ್ನು ಚೆಂದಗಾಣಿಸಲು ಹೋದರೆ ಹೆಸರುಗಳೂ ಅಂಕಿಗಳೂ ಬದಲಾಗುತ್ತವೆ.

ಡಿಜಿಟಲ್ ವಿಧಾನ ಮತ್ತು ಉಪಗ್ರಹ

ಎಫ್‌ಟಿ8 ಎಂಬ ಡಿಜಿಟಲ್ ವಿಧಾನದಲ್ಲಿ ಮಾತಾಡುವುದು ಕಂಪ್ಯೂಟರ್ ಆದರೂ ಹೊಣೆ ಮನುಷ್ಯರದೇ. ಪ್ರಸಾರಗಳು 15 ಸೆಕೆಂಡುಗಳ ಸರದಿಯಲ್ಲಿ ನಡೆಯುವುದರಿಂದ ಗಡಿಯಾರ ಸರಿಯಿರಬೇಕು. 14.074ರಂಥ ಒಂದು ಆವರ್ತನದ ಸುಮಾರು 3 ಕಿಲೋಹರ್ಟ್ಸ್ ಜಾಗದಲ್ಲಿ, ತಲಾ 50 ಹರ್ಟ್ಸ್ ಅಗಲದ ಹತ್ತಾರು ಸಂಕೇತಗಳು ಕೂಡಿ ಬಾಳುತ್ತವೆ. ಆಡಿಯೋ ಮಟ್ಟವನ್ನು ಮಿತಿಮೀರಿಸಿದ ಒಬ್ಬರು ತಮ್ಮ ನಕಲುಗಳನ್ನು ಅವರೆಲ್ಲರ ಮೇಲೆ ಹರಡುತ್ತಾರೆ. ಸಂಕೇತಗಳನ್ನು ಪರದೆಯ ಮೇಲೆ ತೋರಿಸುವ ವಾಟರ್‌ಫಾಲ್ ಚಿತ್ರದಲ್ಲಿ ಖಾಲಿ ಪಟ್ಟಿ ಹುಡುಕಿ ನಿಲ್ಲಿ, ಅಗತ್ಯಕ್ಕಿಂತ ಹೆಚ್ಚು ಶಕ್ತಿ ಬಳಸಬೇಡಿ, ರಿಗ್ಗನ್ನು ಅದರ ಪಾಡಿಗೆ ಬಿಟ್ಟು ಎದ್ದುಹೋಗಬೇಡಿ.

ಉಪಗ್ರಹಗಳಲ್ಲಿ ಹಂಚಿಕೊಳ್ಳುವುದು ಜಾಗವನ್ನಷ್ಟೇ ಅಲ್ಲ, ವಿದ್ಯುತ್ತನ್ನೂ. 2005ರ ಮೇ 5ರಂದು ಶ್ರೀಹರಿಕೋಟದಿಂದ ಕಾರ್ಟೊಸ್ಯಾಟ್-1ರ ಜೊತೆ ಇಸ್ರೊ ಉಡಾಯಿಸಿದ 42.5 ಕಿಲೋಗ್ರಾಮಿನ ಹ್ಯಾಮ್‌ಸ್ಯಾಟ್ 2014ರವರೆಗೆ ಹ್ಯಾಮ್‌ಗಳಿಗೆ ಸೇವೆ ಕೊಟ್ಟಿತು. ಹಲವರ ಸಂಕೇತಗಳನ್ನು ಒಟ್ಟಿಗೆ ಮರುಪ್ರಸಾರ ಮಾಡುವ ಅಂಥ ಲೀನಿಯರ್ ಟ್ರಾನ್ಸ್‌ಪಾಂಡರಿನಲ್ಲಿ ಒಬ್ಬರು ಅತಿಬಲದಿಂದ ಕರೆದರೆ ಸೌರಫಲಕಗಳ ಮಿತವಾದ ಶಕ್ತಿಯೆಲ್ಲ ಅವರ ಸಂಕೇತಕ್ಕೇ ಹೋಗಿ, ಉಳಿದವರೆಲ್ಲ ಮಂಕಾಗುತ್ತಾರೆ. ಕೆಳಬರುವ ನಿಮ್ಮದೇ ಧ್ವನಿಯನ್ನು ಕೇಳಿಕೊಳ್ಳುತ್ತ, ಕೇಳಿಸುವಷ್ಟಕ್ಕೆ ಮಾತ್ರ ಶಕ್ತಿಯನ್ನು ಇಳಿಸಬೇಕು. ಪ್ರಸಾರದ ಹೊತ್ತಿನಲ್ಲೂ ಕಿವಿ ತೆರೆದಿರುವ ಅಪರೂಪದ ಅವಕಾಶ ಇಲ್ಲಿದೆ. ಎಫ್‌ಎಂ ಉಪಗ್ರಹಗಳಲ್ಲಾದರೆ ಒಂದು ಹೊತ್ತಿಗೆ ಒಬ್ಬರಿಗೇ ಜಾಗ, ಒಂದು ಹಾದುಹೋಗುವಿಕೆ ಹತ್ತು ನಿಮಿಷದ ಆಸುಪಾಸು. ಕಾಲ್‌ಸೈನ್, ಗ್ರಿಡ್ ಸಂಖ್ಯೆ (ಸ್ಥಳ ಸೂಚಿಸುವ ಸಂಕೇತ), ಧನ್ಯವಾದ, ಅಲ್ಲಿಗೆ ಮುಗಿಸಬೇಕು.

ಅಡ್ಡಿ ಮಾಡುವವರ ಜೊತೆ

ಅಡ್ಡಿಗಳಲ್ಲಿ ಬಹುಪಾಲು ಉದ್ದೇಶಪೂರ್ವಕವಲ್ಲ. ಮೊದಲೇ ಹೇಳಿದ ಮೌನವಲಯದಿಂದಾಗಿ ನಿಮ್ಮ ಮೇಲೆ ಮಾತಾಡುತ್ತಿರುವವರಿಗೆ ನೀವಿದ್ದೀರೆಂಬುದೇ ತಿಳಿದಿರುವುದಿಲ್ಲ. ಒಮ್ಮೆ ಸಮಾಧಾನದಿಂದ ಹೇಳಿ. ಫಲವಿಲ್ಲದಿದ್ದರೆ ಕೆಲವು ಕಿಲೋಹರ್ಟ್ಸ್ ಸರಿದುಬಿಡುವುದು ಜಗಳಕ್ಕಿಂತ ಸುಲಭ. ವಾರಾಂತ್ಯದ ಸ್ಪರ್ಧೆಗಳಿಂದ ಬ್ಯಾಂಡ್ ತುಂಬಿದ್ದರೆ, ಸ್ಪರ್ಧೆಗಳೇ ನಡೆಯದ 17 ಮತ್ತು 12 ಮೀಟರ್ ಬ್ಯಾಂಡುಗಳು ಖಾಲಿಯಿರುತ್ತವೆ. ಇನ್ನು ಬೇಕೆಂದೇ ಶಿಳ್ಳೆ ಹಾಕುವ, ಬೈಯುವ ಅನಾಮಿಕರಿಗೆ ಉತ್ತರ ಕೊಡಲೇಬಾರದು, ಅವರ ಇರವನ್ನು ಪ್ರಸ್ತಾಪಿಸಲೂಬಾರದು. ಅವರಿಗೆ ಬೇಕಾಗಿರುವುದು ನಿಮ್ಮ ಪ್ರತಿಕ್ರಿಯೆಯೇ. ಸಮಯ, ಆವರ್ತನ, ಆಂಟೆನಾ ತೋರಿದ ದಿಕ್ಕು ಇವನ್ನು ಸದ್ದಿಲ್ಲದೆ ಬರೆದಿಟ್ಟುಕೊಂಡು, ಹೆಚ್ಚಾದರೆ ಅಧಿಕಾರಿಗಳಿಗೆ ಕೊಡಿ.

ಏನು ಮಾತಾಡಬೇಕು, ಹೇಗೆ ಕರೆಯಬೇಕು

ಹವ್ಯಾಸಿ ರೇಡಿಯೋದ ಮಾತು ಪ್ರಯೋಗಗಳಿಗೂ ವೈಯಕ್ತಿಕ ಸ್ವರೂಪದ ವಿಷಯಗಳಿಗೂ ಸೀಮಿತ. ವ್ಯಾಪಾರ, ಗುಪ್ತಭಾಷೆ ಎರಡಕ್ಕೂ ಇಲ್ಲಿ ಎಡೆಯಿಲ್ಲ. ರಾಜಕೀಯ ಮತ್ತು ಮತಧರ್ಮದ ವಾಗ್ವಾದವನ್ನು ದೂರವಿಡುವುದು ಹಳೆಯ ವಿವೇಕ. ಕೇಳುತ್ತಿರುವವರಲ್ಲಿ ಮಕ್ಕಳಿರುತ್ತಾರೆ, ಬೇರೆ ದೇಶದವರಿರುತ್ತಾರೆ, ಮನೆಯವರೆಲ್ಲ ಒಟ್ಟಿಗೆ ಕೂತಿರುತ್ತಾರೆ.

ಸ್ಥಳೀಯ ರಿಪೀಟರಿನಲ್ಲಿ ಕನ್ನಡದಲ್ಲಿ ಮಾತಾಡುವುದು ಚೆಂದವೇ. ಕನ್ನಡ ಬಾರದವರು ಸೇರಿಕೊಂಡ ಕೂಡಲೇ ಅವರಿಗೂ ತಿಳಿಯುವ ಭಾಷೆಗೆ ಹೊರಳಿ, ನಡೆದ ಮಾತಿನ ಸಾರವನ್ನು ಒಂದು ವಾಕ್ಯದಲ್ಲಿ ಹೇಳಿದರೆ ಅವರು ಹೊರಗಿನವರಾಗಿ ಉಳಿಯುವುದಿಲ್ಲ. ವಯಸ್ಸು, ಹುದ್ದೆಗಳ ಭೇದವಿಲ್ಲದೆ ಗಂಡಸರನ್ನೆಲ್ಲ “ಓಎಂ” (ಓಲ್ಡ್ ಮ್ಯಾನ್) ಎನ್ನುವುದು ಹ್ಯಾಮ್‌ಗಳ ರೂಢಿ, ಅದರ ಜೊತೆಗೆ ಬಹುವಚನವನ್ನು ಬಿಡಬೇಡಿ. ಹದಿನಾಲ್ಕರ ಬಾಲಕನಿಗೂ ಮೊದಲ ಪರಿಚಯದಲ್ಲಿ “ನೀವು” ಎಂದರೆ ಅವನು ಇನ್ನೊಮ್ಮೆ ಮೈಕ್ ಹಿಡಿಯುತ್ತಾನೆ. ಮಹಿಳೆಯರನ್ನು “ವೈಎಲ್” (ಯಂಗ್ ಲೇಡಿ) ಎಂದು ಗುರುತಿಸುವ ಹಳೆಯ ರೂಢಿಗಿಂತ ಕಾಲ್‌ಸೈನ್ ಮತ್ತು ಹೆಸರು ಹಿಡಿದು ಕರೆಯುವುದೇ ಉತ್ತಮವೆಂದು ನನ್ನ ಅಭಿಪ್ರಾಯ. ಹೆಣ್ಣಿನ ಧ್ವನಿ ಕೇಳಿದೊಡನೆ ಎಲ್ಲರೂ ಮುಗಿಬಿದ್ದು ಕರೆಯುವುದು, ಧ್ವನಿಯ ಬಗ್ಗೆ ಮಾತಾಡುವುದು, ಮನೆಯ ವಿಳಾಸ ಕೇಳುವುದು ಇವುಗಳಿಂದ ಬೇಸತ್ತು ಎಷ್ಟೋ ಮಂದಿ ದೂರ ಸರಿಯುತ್ತಾರೆ. ಅವರ ರಿಗ್, ಆಂಟೆನಾ, ಪ್ರಯೋಗಗಳ ಬಗ್ಗೆ ಮಾತಾಡಿ. ಬೇರೆ ಯಾರೊಂದಿಗಾದರೂ ಮಾಡುತ್ತಿದ್ದುದು ಅದನ್ನೇ ಅಲ್ಲವೇ.

ಹೊಸಬರು ತಡವರಿಸಿದಾಗ ಎಲ್ಲರಿಗೂ ಕೇಳುವಂತೆ ತಿದ್ದಬೇಡಿ. ಮೊದಲು ಉತ್ತರಿಸಿ, ಸಂಪರ್ಕವನ್ನು ಪೂರ್ತಿಗೊಳಿಸಿ, ಆಮೇಲೆ ದೂರವಾಣಿಯಲ್ಲೋ ಪತ್ರದಲ್ಲೋ ತಿಳಿಸಿ.

ಇತರ ಸೇವೆಗಳ ಮಾತು, ಉದಾಹರಣೆಗೆ ಪೊಲೀಸ್ ಅಥವಾ ವಿಮಾನ ಸಂಪರ್ಕ, ಅಕಸ್ಮಾತ್ ಕಿವಿಗೆ ಬಿದ್ದರೆ ಅದನ್ನು ಯಾರಿಗೂ ಹೇಳಬಾರದು. ಸಹ ಹ್ಯಾಮ್‌ಗಳ ಸಂಭಾಷಣೆಯನ್ನು ಧ್ವನಿಮುದ್ರಿಸಿ ವಾಟ್ಸ್‌ಆಪ್ ಗುಂಪಿಗೆ ಹಾಕುವ ಮೊದಲು ಅವರನ್ನು ಕೇಳಬೇಕು.

ಸಂಪರ್ಕ ಮುಗಿದ ಮೇಲೆ

ಲಾಗ್ ಪುಸ್ತಕದಲ್ಲಿ ದಿನಾಂಕ, ಆವರ್ತನ, ವಿಧಾನ, ವರದಿಗಳನ್ನು ಆಗಲೇ ಬರೆಯಿರಿ. ಸಮಯವನ್ನು ಯುಟಿಸಿಯಲ್ಲಿ (ಜಾಗತಿಕ ಸಮಯದಲ್ಲಿ), ಅಂದರೆ ಭಾರತೀಯ ಸಮಯದಿಂದ 5 ಗಂಟೆ 30 ನಿಮಿಷ ಕಳೆದು ನಮೂದಿಸಿ, ಬೆಳಗಿನ 5.30ಕ್ಕೆ ಮೊದಲಿನ ಸಂಪರ್ಕಗಳಿಗೆ ಯುಟಿಸಿಯ ದಿನಾಂಕ ಹಿಂದಿನ ದಿನದ್ದಾಗಿರುತ್ತದೆ. ಇಲ್ಲಿ ತಪ್ಪಿದರೆ ಎದುರಿನವರಿಗೆ ದೃಢೀಕರಣ ಹೊಂದಿಕೆಯಾಗುವುದಿಲ್ಲ.

ಸಂಪರ್ಕವನ್ನು ದೃಢೀಕರಿಸುವ ಕ್ಯೂಎಸ್ಎಲ್ ಕಾರ್ಡ್ ಕಳುಹಿಸುವುದಾಗಿ ಮಾತು ಕೊಟ್ಟರೆ ಕಳುಹಿಸಿ. ಅಂಚೆವೆಚ್ಚ ಹೆಚ್ಚೆನಿಸಿದರೆ ಅಮೆಚೂರ್ ರೇಡಿಯೋ ಸೊಸೈಟಿ ಆಫ್ ಇಂಡಿಯಾದ ಕ್ಯೂಎಸ್ಎಲ್ ಬ್ಯೂರೋ ಇದೆ, ಇಂಟರ್ನೆಟ್ ಮೂಲಕ ದೃಢೀಕರಿಸುವ ವ್ಯವಸ್ಥೆಗಳೂ ಇವೆ. ಯಾವ ದಾರಿ ಎಂಬುದನ್ನು ಸಂಪರ್ಕದಲ್ಲಿಯೇ ಹೇಳಿಬಿಡಿ. ಪರವಾನಗಿಯಿಲ್ಲದೆ ಕೇಳುವುದಷ್ಟೇ ಹವ್ಯಾಸವಾಗಿರುವ ಶಾರ್ಟ್‌ವೇವ್ ಕೇಳುಗರಿಂದ ವರದಿ ಬಂದರೆ ಅದನ್ನು ಬದಿಗೆ ಸರಿಸಬೇಡಿ. ಅವರು ಬರೆದ ಸಮಯವನ್ನೂ, ನೀವು ಮಾತಾಡಿದ ಕೇಂದ್ರದ ಕಾಲ್‌ಸೈನನ್ನೂ ನಿಮ್ಮ ಲಾಗ್‌ನೊಂದಿಗೆ ತಾಳೆ ನೋಡಿ. ಹೊಂದಿಕೆಯಾದರೆ ಕಾರ್ಡಿನ ಮೇಲೆ ಅವರ ಹೆಸರು, ಕೇಳಿದ ದಿನಾಂಕ ಮತ್ತು ಸಮಯ, ಆ ಹೊತ್ತಿನ ನಿಮ್ಮ ಶಕ್ತಿ ಮತ್ತು ಆಂಟೆನಾದ ವಿವರ ಬರೆದು ಸಹಿ ಮಾಡಿ ಕಳುಹಿಸಿ. ಅವರು ಎಳೆಯರಾಗಿದ್ದು ಪರವಾನಗಿ ಪರೀಕ್ಷೆಯ ಬಗ್ಗೆ ಕೇಳಿದ್ದರೆ, ಹತ್ತಿರದ ಹ್ಯಾಮ್ ಕ್ಲಬ್ ಯಾವುದು, ಅದು ಯಾವ ದಿನ ಸೇರುತ್ತದೆ ಎಂಬುದನ್ನೂ ಅದೇ ಕಾರ್ಡಿನಲ್ಲಿ ಸೇರಿಸಿ.